ಮಾವನ ಅಂಗೈಯಲ್ಲಿ ಎರಡು ಕ್ಯಾಪ್ಸೂಲ್

ಚಪ್ಪಾಳೆ ತಟ್ಟಿ ಎಂದು ನಾನು ಕೇಳುವುದಿಲ್ಲ. ಓದಿದ ಮೇಲೆ ನಿಮಗೇ ಕೈ ತುರಿಸಿದರೆ ತಡೆಯುವವನೂ ಅಲ್ಲ. ನೀವು ಪರದೆಯ ಮೇಲೆ ನೋಡಿರುವ ಹೀರೋಗಳು ಒಬ್ಬನ ಪ್ರಾಣ ಉಳಿಸಲು ಹತ್ತು ಕಾರು ಸುಟ್ಟು, ಎರಡು ಸೇತುವೆ ಉರುಳಿಸಿ, ಆಮೇಲೆ ಕೂದಲು ಸರಿ ಮಾಡಿಕೊಂಡು ನಡೆದು ಬರುತ್ತಾರೆ. ನಾನು, ಲ್ವಾನ್ ಬೋ, ವಯಸ್ಸು ಇಪ್ಪತ್ತಾರು, ಮೇಜಿನ ಮೇಲಿನ ಮೀನಿನ ತಟ್ಟೆ ಕೂಡ ಅಲ್ಲಾಡದ ಹಾಗೆ ನನ್ನ ಭಾವೀ ಮಾವನ ಪ್ರಾಣ ಉಳಿಸಿದವನು. ಅದೂ ಭಾನುವಾರ ಮಧ್ಯಾಹ್ನ, ಊಟದ ನಡುವೆ, ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಊಟದ ಕಡ್ಡಿ ಹಿಡಿದು ಹಂದಿ ಕಿವಿಯ ಪಲ್ಯ ತಿನ್ನುತ್ತಿದ್ದೆ.

ನನ್ನ ಕಸುಬು ಮದುವೆ ಮನೆಗಳಲ್ಲಿ ಮೈಕ್ ಹಿಡಿಯುವುದು. ವರ ಒಳಗೆ ಬರುವಾಗ ವಿಲನ್ ದನಿಯಲ್ಲಿ, "ಈ ಊರಲ್ಲಿ ಸೂರ್ಯ ಮುಳುಗೋಕೂ ನನ್ನ ಕೇಳ್ಬೇಕು, ನೀನು ಹುಡ್ಗಿನ ಕೇಳ್ದೆ ಕರ್ಕೊಂಡ್ ಹೋಗ್ತೀಯಾ" ಎಂದು ಗುಡುಗುತ್ತೇನೆ. ವಧುವಿನ ಅಜ್ಜಿಯರು ಬಿದ್ದು ಬಿದ್ದು ನಗುತ್ತಾರೆ. ಎಲ್ಲ ಸರಿ, ಒಂದೇ ಒಂದು ಐಬು. ನನಗೆ ಕುಡಿಯಲು ಆಗುವುದಿಲ್ಲ. ಒಂದು ಚಮಚ ಬೈಜಿಯು ಸಾರಾಯಿ ಒಳಗೆ ಹೋದರೆ ಕಿವಿಯಿಂದ ಕತ್ತಿನವರೆಗೆ ಕೆಂಪಗಾಗುತ್ತೇನೆ. ಎರಡನೇ ಚಮಚಕ್ಕೆ ಯಾರದಾದರೂ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗುತ್ತೇನೆ.

ನಮ್ಮ ಶಾಂಡೊಂಗ್‌ನಲ್ಲಿ ಊಟಕ್ಕೆ ಕೂತು ಕುಡಿಯುವುದಿಲ್ಲ ಅನ್ನಲು ಜನ ಒಪ್ಪುವ ಕಾರಣಗಳು ಮೂರೇ. ಕಾರು ಓಡಿಸಬೇಕು ಅನ್ನಬಹುದು; ಆಗ ಅವರೇ ಒಬ್ಬ ಡ್ರೈವರನ್ನು ಗೊತ್ತು ಮಾಡಿ ಕೂರಿಸುತ್ತಾರೆ. ನಾವು ಮಗುವಿಗೆ ಪ್ರಯತ್ನಿಸುತ್ತಿದ್ದೇವೆ ಅನ್ನಬಹುದು. ಮದುವೆಯಾಗದವನು ಹೆಣ್ಣಿನ ಮನೆಯಲ್ಲಿ ಆ ಮಾತು ಆಡಿದರೆ ಬಾಗಿಲವರೆಗೂ ಜೀವಂತ ಹೋಗುವುದಿಲ್ಲ. ಉಳಿದದ್ದು ಮೂರನೆಯದು: "ತೌಬಾವ್ ನುಂಗಿದೀನಿ." ತೌಬಾವ್ ಅಂದರೆ ಒಂದು ಜಾತಿಯ ಆಂಟಿಬಯೋಟಿಕ್. ಅದನ್ನು ನುಂಗಿ ಕುಡಿದರೆ ಆಂಬುಲೆನ್ಸ್ ಹತ್ತಬೇಕಾಗುತ್ತದೆ ಎಂಬುದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಹಾಗಾಗಿ ನನ್ನ ಜೇಬಿನಲ್ಲಿ ಸದಾ ತೌಬಾವ್ ಡಬ್ಬಿಯೊಂದು ಇರುತ್ತಿತ್ತು. ಬಾಟಲಿ ತೆರೆದ ಸದ್ದಾದರೆ ಸಾಕು, ಪೊಲೀಸರು ಗುರುತಿನ ಚೀಟಿ ತೋರಿಸುವ ಹಾಗೆ ಡಬ್ಬಿ ಎತ್ತಿ ತೋರಿಸುತ್ತಿದ್ದೆ.

ಈ ಡಬ್ಬಿಯ ವಿಷಯ ಒಬ್ಬಳಿಗೆ ಮಾತ್ರ ತಿಳಿಯಬಾರದಿತ್ತು. ಅವಳು ರುಯೂನ್, ನಾನು ಮದುವೆಯಾಗಬೇಕೆಂದಿರುವ ಹುಡುಗಿ.

ರುಯೂನ್ ಕೆಲಸ ಮಾಡುವುದು ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ. ಒಂದು ರೋಗಕ್ಕೆಂದು ಒಳಗೆ ಹೋದವರು ಅಲ್ಲೇ ಇನ್ನೊಂದನ್ನು ಅಂಟಿಸಿಕೊಂಡು ಬರದಂತೆ ಕಾಯುವುದು ಅವಳ ವಿಭಾಗದ ಹೊಣೆ. ಕಾರಿಡಾರಿನ ಕಂಬದ ಹಿಂದೆ ನಿಂತು ಯಾವ ಡಾಕ್ಟರು ಕೈ ತೊಳೆದರು, ಯಾರು ತೊಳೆಯದೆ ಇನ್ನೊಬ್ಬ ರೋಗಿಯನ್ನು ಮುಟ್ಟಿದರು ಎಂದು ಬರೆದುಕೊಳ್ಳುತ್ತಾಳೆ. ಬೇಡದ ಆಂಟಿಬಯೋಟಿಕ್ ಬರೆದವರಿಗೆ ಫೋನ್ ಮಾಡಿ "ಯಾಕೆ" ಎಂದು ಕೇಳುತ್ತಾಳೆ. ತಲೆ ನರೆತ ಸರ್ಜನ್ನರು ಅವಳನ್ನು ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. ಮೊದಲ ಸಲ ಅವಳನ್ನು ನೂಡಲ್ಸ್ ತಿನ್ನಲು ಕರೆದಾಗ ನಾನು ಕೈ ತೊಳೆದು ಬಂದು ಕೂತೆ. ಅವಳು ನನ್ನ ಕೈ ನೋಡಿ, "ಹೆಬ್ಬೆಟ್ಟು ಬಿಟ್ಟಿದೀಯ, ಹೋಗು" ಅಂದಳು. ಅವತ್ತೇ ನನಗೆ ಪ್ರೀತಿಯಾಯಿತು.

ಆ ಭಾನುವಾರ ಅವಳ ಅಪ್ಪ ಅಮ್ಮನನ್ನು ಮೊದಲ ಸಲ ನೋಡಲು ಹಳ್ಳಿಗೆ ಹೋದೆ. ಅಪ್ಪ ಮೋ ದೆಷಾನ್, ಹನ್ನೊಂದು ಸೌತೆಕಾಯಿ ಹಸಿರುಮನೆಗಳ ಒಡೆಯ. ಅವರು "ಸರಿ" ಅಂದರೆ ಮದುವೆ, "ನೋಡೋಣ" ಅಂದರೆ ನಾನು ಜೀವನವಿಡೀ ಬೇರೆಯವರ ಮದುವೆಯಲ್ಲೇ ಮೈಕ್ ಹಿಡಿಯಬೇಕು. ಅವರು ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಕೂತರು, ನನ್ನನ್ನು ತಮ್ಮ ಬಲಕ್ಕೆ ಕೂರಿಸಿಕೊಂಡರು. ಬಾಗಿಲಿಗೆ ಬೆನ್ನು ಹಾಕಿದ ಕುರ್ಚಿಯಲ್ಲಿ ರುಯೂನ್‌ಳ ಸೋದರಮಾವ, ಬೀಜದ ಅಂಗಡಿಯ ಛೂ ಮಾಮ. ಆ ಕುರ್ಚಿಯಲ್ಲಿ ಕೂತವರ ಕೆಲಸ ಒಂದೇ: ಬಂದ ಅತಿಥಿಗೆ ಕುಡಿಸುವುದು. ರುಯೂನ್ ಮತ್ತು ಅವಳ ಅಮ್ಮ ಅಡುಗೆಮನೆಯಲ್ಲಿ ಡಂಪ್ಲಿಂಗ್ ಕಟ್ಟುತ್ತಿದ್ದರು.

ಕಾರ್ಪ್ ಮೀನು ಬಂತು. ಮಾಮ ತಟ್ಟೆ ತಿರುಗಿಸಿ ಅದರ ತಲೆಯನ್ನು ಸರಿಯಾಗಿ ನನ್ನ ಮೂಗಿನ ನೇರಕ್ಕೆ ನಿಲ್ಲಿಸಿದರು.

"ತಲೆ ಯಾರ ಕಡೆಗೋ ಅವ್ರು ಮೂರು ಗ್ಲಾಸು, ಬಾಲ ಯಾರ ಕಡೆಗೋ ಅವ್ರು ನಾಲ್ಕು," ಅಂದರು. "ನಿಂಗೆ ಗೊತ್ತಿರ್ಬೇಕಲ್ಲ, ಮದುವೆ ಮನೇಲೆ ಬದುಕೋನು."

"ಗೊತ್ತು ಮಾಮ." ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಮುಖದಲ್ಲಿ ಕೊನೆಯ ರೀಲಿನ ದುಃಖ ತಂದುಕೊಂಡೆ. "ಕುಡೀಬೇಕು ಅಂತ ಎದೆ ಬಡ್ಕೊಳ್ತಾ ಇದೆ. ಆದ್ರೆ ತೌಬಾವ್ ನುಂಗಿದೀನಿ."

ಮಾಮ ಡಬ್ಬಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಈ ಕುರ್ಚೀಲಿ ಹತ್ತು ವರ್ಷದಿಂದ ಕೂರ್ತಿದೀನಿ ಕಣಯ್ಯಾ. ಈ ಮೇಜಲ್ಲಿ ಸಿಕ್ಕಷ್ಟು ತೌಬಾವ್ ರೋಗಿಗಳು ಯಾವ ಆಸ್ಪತ್ರೇಲೂ ಸಿಗಲ್ಲ. ಎಲ್ರೂ ಊಟ ಮುಗಿಯೋ ಹೊತ್ತಿಗೆ ವಾಸಿ ಆಗಿರ್ತಾರೆ."

"ಬಿಡಯ್ಯಾ, ಹುಡ್ಗನ್ನ ಪೀಡಿಸ್ಬೇಡ," ಅಂದರು ದೆಷಾನ್. ಅವರ ದನಿ ಒಣಗಿದ ಕೊಳವೆಯಲ್ಲಿ ಗಾಳಿ ಎಳೆದ ಹಾಗಿತ್ತು. ಮೂರು ದಿನದಿಂದ ಗಂಟಲು ನೋವಂತೆ. ಆದರೂ ಆಗಲೇ ಮೂರು ಗ್ಲಾಸು ಇಳಿಸಿದ್ದರು. "ಏನದು, ಉರಿ ಇಳಿಸೋ ಮಾತ್ರೆನಾ? ಪಟ್ಟಣದ್ದಾ? ಒಳ್ಳೇದಾಯ್ತು. ನಂಗೆರಡು ಕೊಡು."

ನಮ್ಮ ಹಳ್ಳಿಗಳಲ್ಲಿ ಆಂಟಿಬಯೋಟಿಕ್‌ಗೆ ಇರುವ ಹೆಸರೇ ಅದು. ಹಲ್ಲು ಉರಿದರೂ ಅದೇ, ಗಂಟಲು ಉರಿದರೂ ಅದೇ, ಹೆಂಡತಿಯ ಮೇಲೆ ಹೊಟ್ಟೆ ಉರಿದರೂ ಬಹುಶಃ ಅದೇ.

"ಅಂಕಲ್, ಇದು ಹಲ್ಲಿಗೆ ಕೊಟ್ಟಿದ್ದು."

"ಹಲ್ಲಿಗೂ ಗಂಟಲಿಗೂ ಎಷ್ಟ್ ದೂರ? ಪಕ್ಕದ ಮನೆ."

"ತಾರೀಖು ಮುಗಿದಿದೆ ಅನ್ಸತ್ತೆ ಅಂಕಲ್."

ಮಾಮ ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೀಜದ ಪೊಟ್ಟಣಗಳ ತಾರೀಖು ಓದಿ ಓದಿ ಪಳಗಿದ ಕಣ್ಣು. "ಬರೋ ವರ್ಷ ಆಗಸ್ಟ್‌ವರ್ಗೂ ಇದೆ," ಅಂದರು. "ತಾರೀಖೇ ಗೊತ್ತಿಲ್ದೆ ನುಂಗ್ತಿದೀಯಾ?"

"ಅಲ್ಲ ಮಾಮ, ಇರೋದೇ ಸ್ವಲ್ಪ. ನಂಗೇ ಸಾಲಲ್ಲ."

ಇದು ನನ್ನ ಜೀವನದ ಅತಿ ದೊಡ್ಡ ತಪ್ಪು ಮಾತು. ದೆಷಾನ್‌ರ ಮುಖದಲ್ಲಿ ಅತಿಥಿಯ ಕೊರತೆ ನೀಗಿಸುವ ಯಜಮಾನನ ಸಂತೋಷ ಕಾಣಿಸಿಕೊಂಡಿತು. ಎದ್ದು ಹೋಗಿ ಟಿವಿಯ ಕೆಳಗಿನ ಕಪಾಟಿನಿಂದ ಒಂದು ಬಿಸ್ಕತ್ ಡಬ್ಬ ತಂದು ಮೇಜಿನ ಮೇಲೆ ಮುಚ್ಚಳ ತೆರೆದರು. ಒಳಗೆ ಅರ್ಧ ಅರ್ಧ ಪಟ್ಟಿಗಳು. ಕೆಂಪು ಹಳದಿ, ಹಸಿರು ಬಿಳಿ, ಬರೀ ನೀಲಿ. ಎರಡು ಉಳಿದದ್ದು, ಐದು ಉಳಿದದ್ದು. ಆಸ್ಪತ್ರೆಯ ಆಂಟಿಬಯೋಟಿಕ್ ಕಾವಲುಗಾರ್ತಿಯ ಸ್ವಂತ ಮನೆಯಲ್ಲಿ, ಅವಳು ಹಬ್ಬಕ್ಕೆ ಬಂದಾಗಲೆಲ್ಲ ಕೂತು ನೋಡುವ ಟಿವಿಯ ಕೆಳಗೇ ಇಡೀ ಔಷಧಿ ಅಂಗಡಿ ಅಡಗಿತ್ತು.

"ಅವಳಿಗೆ ಹೇಳ್ಬೇಡ," ಅಂದರು ದೆಷಾನ್ ಪಿಸುದನಿಯಲ್ಲಿ. "ನಿಂಗೆ ಯಾವ್ದು ಬೇಕೋ ತಗೋ. ಈ ನೀಲಿದು ಬಾತುಕೋಳಿಗೆ ತಂದಿದ್ದು, ಆದ್ರೆ ಮನುಷ್ಯರಿಗೂ ಹಿಡಿಯತ್ತೆ. ಪಟ್ಟಣದ್ದು ನಂಗ್ ಕೊಡು."

ನಾನು ಕೊಡುವ ಮೊದಲೇ ನನ್ನ ಡಬ್ಬಿಯಿಂದ ಎರಡು ಕ್ಯಾಪ್ಸೂಲ್ ಅವರ ಅಂಗೈಗೆ ಬಿದ್ದವು.

"ಅಂಕಲ್, ನೀವು ಕುಡಿದಿದೀರಿ. ಕುಡಿದಾಗ ಇದನ್ನ ತಗೋಬಾರ್ದು."

"ತಪ್ಪು ತಿಳ್ಕೊಂಡಿದೀಯ," ಅಂದರು ಅವರು, ಚಹಾ ಲೋಟಕ್ಕೆ ಕೈ ಚಾಚುತ್ತಾ. "ಮಾತ್ರೆ ನುಂಗಿ ಕುಡೀಬಾರ್ದು ಅಂತ ಇರೋದು. ನಾನು ಕುಡಿದು ನುಂಗ್ತಾ ಇದೀನಿ. ಸರದಿ ಸರಿಯಾಗೇ ಇದೆ."

"ಹೌದಲ್ಲ," ಅಂದರು ಮಾಮ, ತುಂಬ ಯೋಚಿಸಿ. "ಅದು ಬೇರೆ, ಇದು ಬೇರೆ."

ಯಾವುದು ಮೊದಲು ಹೋದರೂ ಒಳಗೆ ಎರಡೂ ಒಂದೇ ಮೇಜಿಗೆ ಕೂರುತ್ತವೆ ಎಂದು ರುಯೂನ್ ನನಗೆ ಹೇಳಿದ್ದಳು. ಎದೆ ಬಡಿದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಮಗಳ ಮದುವೆಯ ಮರುದಿನ ಹೀಗೇ ಸ್ಟ್ರೆಚರ್ ಮೇಲೆ ಬಂದವರೊಬ್ಬರ ಕಥೆಯನ್ನೂ ಹೇಳಿದ್ದಳು.

"ಅಂಕಲ್, ನಿಜವಾಗ್ಲೂ ಅಪಾಯ. ರುಯೂನೇ ಹೇಳಿದ್ದು."

"ಹೌದಾ? ಹಾಗಾದ್ರೆ ಕರ್ದು ಕೇಳೋಣ. ರುಯೂ..."

"ಬೇಡ ಅಂಕಲ್."

ಬೇಡ ಅಂದದ್ದು ನಾನೇ. ಅವಳು ಬಂದರೆ ಮೊದಲು ಕಾಣುವುದು ನನ್ನ ಡಬ್ಬಿ. ಅದನ್ನು ಕಂಡರೆ ಮಾವ ಉಳಿಯುತ್ತಾರೆ, ಮದುವೆ ಉಳಿಯುವುದಿಲ್ಲ. ಸುಮ್ಮನಿದ್ದರೆ ಮದುವೆ ಉಳಿಯಬಹುದು, ಮಾವ ಉಳಿಯುತ್ತಾರೆಂದು ಹೇಳಲಾಗುವುದಿಲ್ಲ. ಅವರು ಅಂಗೈಯನ್ನು ಬಾಯಿಯ ಹತ್ತಿರ ತಂದರು.

ಆಗ ಎದ್ದ ನೋಡಿ ಲ್ವಾನ್ ಬೋ. ಕುರ್ಚಿ ಹಿಂದಕ್ಕೆ ಸರಿಯಿತು, ಗಾಳಿ ನಿಂತಿತು, ಹಂದಿ ಕಿವಿಯ ತುಂಡು ನನ್ನ ಕಡ್ಡಿಯಲ್ಲೇ ಇತ್ತು. ಎಡಗೈ ಮಿಂಚಿನ ಹಾಗೆ ಹೋಗಿ ಆ ಎರಡು ಕ್ಯಾಪ್ಸೂಲ್‌ಗಳನ್ನು ತುಟಿಯಿಂದ ಒಂದು ಬೆರಳಿನಷ್ಟು ದೂರದಲ್ಲಿ ಹಿಡಿಯಿತು. ಮುಷ್ಟಿಯಲ್ಲೇ ಪುಡಿ ಮಾಡಿದೆ. "ಅಂಕಲ್," ಅಂದೆ, ಕಂಬದಂತೆ ನಿಂತು, "ಇದು ನಿಮ್ಮ ಗಂಟಲಿಗೆ ಇಳೀಬೇಕಂದ್ರೆ ಮೊದ್ಲು ನನ್ನ ದಾಟ್ಬೇಕು." ಆಮೇಲೆ ಆಂಟಿಬಯೋಟಿಕ್‌ನ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಮಾಮ ಕಣ್ಣೊರೆಸಿಕೊಂಡರು. ಮಾವ ಎದ್ದು ನಿಂತು ನನ್ನ ಹೆಗಲ ಮೇಲೆ ಕೈಯಿಟ್ಟು, "ನನ್ನ ಮಗಳನ್ನ ನಿನ್ನ ಕೈಗೆ ಒಪ್ಪಿಸ್ತಿದೀನಿ" ಅಂದರು.

ಇಲ್ಲಿಗೆ ನಿಲ್ಲಿಸುವ ಆಸೆ ನನಗೂ ಇದೆ. ಆದರೆ ಇದನ್ನು ರುಯೂನ್ ಓದುತ್ತಾಳೆ. ಅವಳು ಅವತ್ತು ಅಲ್ಲೇ ಇದ್ದಳು. ಆದ್ದರಿಂದ ನಡೆದದ್ದನ್ನು ಹೇಳಿಬಿಡುತ್ತೇನೆ.

ಎದ್ದದ್ದು ನಿಜ. ಡೈಲಾಗ್ ಹೇಳಲು ಬಾಯಿ ತೆರೆದದ್ದೂ ನಿಜ. ಡೈಲಾಗ್ ಬರಲಿಲ್ಲ. ಇನ್ನೂರು ಮದುವೆ ನಡೆಸಿದ ಗಂಟಲಿನಿಂದ "ಹ್ಞಂ" ಎಂಬ ಒಂದು ಸದ್ದು ಬಂತು, ಅಷ್ಟೇ. ಕೈ ಮಾತ್ರ ಹೋಗಿ ಅವರ ಅಂಗೈ ಮೇಲೆ ಎರಗಿತು. ಕ್ಯಾಪ್ಸೂಲ್ ಸಿಕ್ಕವು. ಆದರೆ ಮೂವತ್ತು ವರ್ಷ ಸೌತೆಕಾಯಿ ಕಿತ್ತ ಕೈ ಅವರದು. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

"ಏ, ಏನಾಯ್ತೋ ಇವನಿಗೆ? ಕೊಡೋ ಇಲ್ಲಿ."

ಎಳೆದೆ. ಅವರೂ ಎಳೆದರು. ಎಸೆಯಬಹುದಿತ್ತು, ನೆಲಕ್ಕೆ ಬಿಡಬಹುದಿತ್ತು. ಆ ಹೊತ್ತಿಗೆ ನನ್ನ ತಲೆಗೆ ಹೊಳೆದ ಒಂದೇ ಭದ್ರವಾದ ಜಾಗ ನನ್ನ ಬಾಯಿ. ಹಾಕಿಕೊಂಡು ನುಂಗಿಬಿಟ್ಟೆ. ನೀರಿಲ್ಲದೆ. ಒಂದು ಇಳಿಯಿತು, ಇನ್ನೊಂದು ಅರ್ಧ ದಾರಿಯಲ್ಲಿ ಕೂತುಬಿಟ್ಟಿತು. ಕಣ್ಣಲ್ಲಿ ನೀರು ಬಂತು. ಮಾಮ ಮೇಜು ಸುತ್ತಿ ಬಂದು ಬೆನ್ನಿಗೆ ಗುದ್ದಿದರು. ನನ್ನ ಮೊಣಕೈ ಮೀನಿನ ತಟ್ಟೆಗೆ ಬಡಿದು ಅದು ಗರಗರನೆ ತಿರುಗಿತು.

"ಬಾಲ ನಿಮ್ ಕಡೆ ಬಂತು ಭಾವ," ಅಂದರು ಮಾಮ, ಗುದ್ದುವುದನ್ನು ನಿಲ್ಲಿಸದೆ. "ನಾಲ್ಕು."

ಸದ್ದು ಕೇಳಿ ರುಯೂನ್ ಬಂದಳು. ಕೈಗೆಲ್ಲ ಹಿಟ್ಟು. ಅವಳು ನನ್ನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಬಿಸ್ಕತ್ ಡಬ್ಬವನ್ನು ನೋಡಿದಳು. ಆ ಮೂರನೆಯ ನೋಟ ತುಂಬ ಹೊತ್ತು ಇತ್ತು. ತಿರುಗಿ ಹೋಗಿ ಕೈ ತೊಳೆದಳು. ಹೆಬ್ಬೆಟ್ಟು, ಉಗುರು, ಬೆರಳ ಸಂದಿ. ಅಷ್ಟೂ ಹೊತ್ತು ನಾವು ಮೂವರು ಗಂಡಸರು ನಲ್ಲಿಯ ಸದ್ದು ಕೇಳುತ್ತ ಕೂತಿದ್ದೆವು.

ಬಂದು ನನ್ನ ಮುಂದೆ ನಿಂತಳು. "ಯಾರಿಗೆ ಕೊಟ್ಟ ಮಾತ್ರೆ ಅದು?"

"ನಂಗೆ. ಹಲ್ಲಿಗೆ."

"ಹಲ್ಲು ನೋವು ಬಂದಿದ್ದು ವಸಂತದಲ್ಲಿ. ಏಳು ದಿನದ್ದು ಪೂರ್ತಿ ಮುಗಿಸ್ದೆ ಅಂದಿದ್ದೆ."

"ಮೂರನೇ ದಿನಕ್ಕೆ ನೋವು ಹೋಯ್ತು. ಉಳಿದಿದ್ದು ಇಟ್ಕೊಂಡೆ."

"ಯಾಕೆ?"

"ತೋರ್ಸೋಕೆ."

"ಏನ್ ತೋರ್ಸೋಕೆ?"

"ಕುಡಿಯೋರಿಗೆ." ತಲೆ ತಗ್ಗಿಸಿಕೊಂಡು ಅವಳ ಅಪ್ಪನ ಕಡೆ ತಿರುಗಿದೆ. "ಅಂಕಲ್, ನಂಗೆ ಹಲ್ಲು ನೋವೂ ಇಲ್ಲ, ಏನೂ ಇಲ್ಲ. ನಂಗೆ ಕುಡಿಯೋಕಾಗಲ್ಲ. ಹೇಳೋಕೆ ನಾಚಿಕೆ ಆಯ್ತು. ನಿಮ್ಮ ಕೈಲಿದ್ದಿದ್ದನ್ನ ನುಂಗಿದ್ದು ಹೆದರಿ."

ದೆಷಾನ್ ಏನೋ ಹೇಳಲು ಹೊರಟರು. ರುಯೂನ್ ಅವರಿಗೆ ಅವಕಾಶ ಕೊಡಲಿಲ್ಲ.

"ಅಪ್ಪ, ಇದೇನು?"

"ಯಾವ್ದು? ಇದಾ? ಬಿಸ್ಕತ್ತು."

"ಬಿಸ್ಕತ್ತಾ?"

"ಡಬ್ಬ ಬಿಸ್ಕತ್ತಿಂದು ಅಂದೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಮೂರನೇ ಶೆಡ್ಡಲ್ಲಿ ಬಿಳಿ ನೊಣ ಇದ್ಯಲ್ಲ ಅಪ್ಪ. ಔಷಧಿ ಹೊಡೆದ್ರೆ ಸಾಯ್ತಾ ಇದೆಯಾ?"

"ಎಲ್ಲಿ ಸಾಯತ್ತೆ. ಸ್ನಾನ ಮಾಡ್ಕೊಂಡು ಹೋಗತ್ತೆ. ಪಕ್ಕದ ಶೆಡ್ಡಿನ ಬೇವರ್ಸಿ ಎರಡು ವರ್ಷ ಅರ್ಧಂಬರ್ಧ ಹೊಡ್ದ. ಗಟ್ಟಿ ನೊಣ ಎಲ್ಲ ಉಳ್ಕೊಂಡು ಮರಿ ಹಾಕಿದ್ವು. ಈಗ ಊರಿಗೆಲ್ಲ ಅವನ ನೊಣ."

"ಈ ಡಬ್ಬದಲ್ಲಿರೋದೂ ಅರ್ಧಂಬರ್ಧನೇ ಅಪ್ಪ."

ದೆಷಾನ್ ಡಬ್ಬದೊಳಗೆ ನೋಡಿದರು. ಎರಡು ಉಳಿದದ್ದು, ಐದು ಉಳಿದದ್ದು. ತನ್ನ ಶೆಡ್ಡಿನಲ್ಲಿ ಹುಳು ಕಂಡ ರೈತನ ಮುಖ ಅದು.

"ಹೋದ ತಿಂಗಳು ನಮ್ಮಲ್ಲಿ ಹನ್ನೊಂದನೇ ಬೆಡ್ಡಿಗೆ ಒಬ್ರು ಬಂದಿದ್ರು," ಅಂದಳು ರುಯೂನ್. "ನಿಮ್ಮದೇ ವಯಸ್ಸು. ಸೊಂಟ ಮುರಿದು ಬಂದಿದ್ದು, ಅಷ್ಟೇ. ಆಪರೇಷನ್ ಚೆನ್ನಾಗೇ ಆಯ್ತು. ಆಮೇಲೆ ಗಾಯಕ್ಕೆ ಒಂದು ಕ್ರಿಮಿ ಹತ್ಕೊಳ್ತು. ಯಾರದೋ ಕೈಯಿಂದ. ನಮ್ಮವರದ್ದೇ ಯಾರದ್ದೋ. ನಾಲ್ಕು ಥರ ಔಷಧಿ ಕೊಟ್ವಿ. ಒಂದಕ್ಕೂ ಬಗ್ಗಲಿಲ್ಲ. ಐದನೇದು ಇರ್ಲಿಲ್ಲ ಅಪ್ಪ."

ಮಾಮ ತಮ್ಮ ಗ್ಲಾಸನ್ನು ಸ್ವಲ್ಪ ಆಚೆ ಸರಿಸಿದರು.

"ಗಂಟಲು ತೋರ್ಸಿ," ಅಂದಳು ಅವಳು. ದೆಷಾನ್ ಬಾಯಿ ತೆರೆದರು. ಮೊಬೈಲ್ ಬೆಳಕು ಹಿಡಿದು ನೋಡಿದಳು, ಜ್ವರ ಇದೆಯೇ ಎಂದು ಹಣೆ ಮುಟ್ಟಿದಳು. "ನೆಗಡಿ ಗಂಟಲು ಇದ್ದ ಹಾಗಿದೆ. ಬಿಸಿ ನೀರು ಕುಡೀರಿ, ಇವತ್ತು ಸಾರಾಯಿ ಸಾಕು. ಬುಧವಾರದೊಳಗೆ ವಾಸಿ ಆಗ್ದಿದ್ರೆ ಡಾಕ್ಟರಿಗೆ ತೋರ್ಸೋಣ. ಈ ಡಬ್ಬ ನಂಜೊತೆ ಬರತ್ತೆ."

"ಬಾತುಕೋಳಿದಾದ್ರೂ..."

"ಬಾತುಕೋಳಿದೂ ಬರತ್ತೆ."

ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಇನ್ನೊಂದು ವಾರ ಒಂದು ತೊಟ್ಟೂ ಮುಟ್ಟೋ ಹಾಗಿಲ್ಲ."

"ಅಂತೂ ಇವತ್ತು ಒಬ್ಬ ಅಸಲಿ ತೌಬಾವ್ ರೋಗಿ ಸಿಕ್ಕಿದ ಕಣೆ," ಅಂದರು ಮಾಮ.

ಡಂಪ್ಲಿಂಗ್ ಬಂತು. ಯಾರಿಗೂ ಹಸಿವಿರಲಿಲ್ಲ, ಎಲ್ಲರೂ ತಿಂದೆವು. ದೆಷಾನ್ ಬಿಸಿ ನೀರು ಹೀರುತ್ತ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಮಾಮನನ್ನು ಕೇಳಿದರು, ನಾನು ಅಲ್ಲಿ ಇಲ್ಲವೇನೋ ಎಂಬಂತೆ.

"ಏನಂತೀಯ ಇವನ ಬಗ್ಗೆ?"

"ಮೂರು ಸುಳ್ಳು ಹೇಳ್ದ. ಮೂರಕ್ಕೂ ಸಿಕ್ಕಿಬಿದ್ದ," ಅಂದರು ಮಾಮ. "ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋನು ನಿಮ್ಮ ಮಗಳಿಗೆ ಮೋಸ ಮಾಡೋಕೆ ಸಾಧ್ಯನೇ ಇಲ್ಲ ಭಾವ. ಕೊಟ್ಬಿಡಿ."

"ಮದುವೇಲಿ ಅತಿಥಿಗಳ ಜೊತೆ ಕುಡಿಯೋರು ಯಾರು?"

"ಅದನ್ನ ನಂಗೆ ಬಿಡಿ."

"ಸರಿ," ಅಂದರು ದೆಷಾನ್. ಹೆಗಲ ಮೇಲೆ ಕೈಯಿಡಲಿಲ್ಲ. ಮಣಿಕಟ್ಟು ನೋಯುತ್ತಿದೆಯೇ ಎಂದು ಮಾತ್ರ ಕೇಳಿದರು. ನೋಯುತ್ತಿತ್ತು.

ಅಪ್ಪ ಒಪ್ಪಿದರು. ಮಗಳು ಒಪ್ಪಲಿಲ್ಲ. ಪಟ್ಟಣಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಎರಡೂ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ನಾನು ಕುಡಿಯದಿರುವುದು ಅವಳಿಗೆ ದೊಡ್ಡದಲ್ಲ. ಏಳು ದಿನದ್ದನ್ನು ಮುಗಿಸಿದೆ ಎಂದು ಅವಳ ಕಣ್ಣಿಗೆ ಕಣ್ಣಿಟ್ಟು ಹೇಳಿದ್ದೆನಲ್ಲ, ಅದು. ನಾನು ಎರಡು ಡೈಲಾಗ್ ಹೊಡೆದು ನೋಡಿದೆ. ಅವಳು ತಿರುಗಿಯೂ ನೋಡಲಿಲ್ಲ.

"ಮುಂದಿನ ಊಟದಲ್ಲಿ," ಅಂದಳು ಇಳಿಯುವಾಗ, "ಮಾತ್ರೆ ಇಲ್ದೆ, ಕಾರಣ ಇಲ್ದೆ, ನಂಗೆ ಕುಡಿಯೋಕಾಗಲ್ಲ ಅಂತ ಹೇಳು. ನಾನು ಅಲ್ಲಿರ್ತೀನಿ. ಆಮೇಲೆ ನೋಡೋಣ."

ಹತ್ತೊಂಬತ್ತು ದಿನ ಬಿಟ್ಟು ಒಂದು ಮದುವೆ ಬಂತು. ಅವಳು ಕೊನೆಯ ಸಾಲಿನ ಮೇಜಿನಲ್ಲಿ ಕೂತಿದ್ದಳು, ಕಾರಿಡಾರಿನ ಕಂಬದ ಹಿಂದೆ ನಿಲ್ಲುವ ಹಾಗೆ. ವರನ ದೊಡ್ಡಪ್ಪ ಗ್ಲಾಸು ಚಾಚಿದರು. ನಾನು ಮೈಕ್ ಕೆಳಗಿಟ್ಟು, "ನಂಗೆ ಕುಡಿಯೋಕಾಗಲ್ಲ ದೊಡ್ಡಪ್ಪ" ಅಂದೆ. ನೀವು ಊಹಿಸಿಕೊಳ್ಳುವ ಹಾಗೆ ಗಂಭೀರವಾಗಿ ಅಲ್ಲ. ದನಿ ಸೀಳಿತು. ಮೇಜಿನವರು ಐದು ನಿಮಿಷ ನಕ್ಕರು. ನನಗೊಂದು ಅಕ್ರೋಟಿನ ಹಾಲು ತಂದುಕೊಟ್ಟರು, ಚಿಕ್ಕ ಮಕ್ಕಳಿಗೆ ಕೊಡುವ, ಕೊಳವೆ ಸಿಕ್ಕಿಸಿದ ಡಬ್ಬಿ. ಅದನ್ನು ಎಲ್ಲರೆದುರು ಹೀರಿದೆ. ಹೀರುವಾಗ ಕೊನೆಯ ಸಾಲಿನ ಕಡೆ ನೋಡುವ ಧೈರ್ಯ ಬರಲಿಲ್ಲ. ಅವಳೇ ಎದ್ದು ಬಂದು ಪಕ್ಕದಲ್ಲಿ ಕೂತಾಗ ಅವಳು ಒಪ್ಪಿದ್ದಾಳೆ ಎಂದು ಗೊತ್ತಾಯಿತು.

ಮಾವನ ಪ್ರಾಣ ಉಳಿಸಿದ್ದು ನಾನೇ ಎಂದು ಈಗಲೂ ಊರಲ್ಲಿ ಹೇಳಿಕೊಂಡು ತಿರುಗುತ್ತೇನೆ. ಆದರೆ ಆ ಎರಡು ಕ್ಯಾಪ್ಸೂಲ್‌ಗಳನ್ನು ಅವರ ಅಂಗೈವರೆಗೆ ತಂದವನೂ ನಾನೇ ಎಂಬುದನ್ನು ಇಲ್ಲಿಯವರೆಗೆ ಆ ಮೇಜಿನ ಹೊರಗೆ ಯಾರಿಗೂ ಹೇಳಿರಲಿಲ್ಲ.